ಮಾವಶಿ ಮುಟ್ಟದ ಇಶಾಡು

ಕಾರವಾರದ ಕೋಡಿಬಾಗದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಾಳಿ ನದಿಯ ಕಡೆಯಿಂದ ಬುಟ್ಟಿ ಹೊತ್ತು ಬಂದ ಮೀನಿನ ಹೆಂಗಸು ಹಳದಿ ಬಣ್ಣದ ಗೇಟಿನ ಮುಂದೆ ನಿಲ್ಲುತ್ತಾಳೆ. ಹಿತ್ತಲ ಕಟ್ಟೆಯ ಮೇಲೆ ತೆಂಗಿನಕಾಯಿ ಒಡೆಯುತ್ತ ಕೂತವಳನ್ನು ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

“ಅಯ್ಯೋ, ಇಂದು ಸೋಮಾರ ಅಲ್ದ!”

“ಹೌದೇ ಮಾರಾಯ್ತಿ. ಬೇಗ ಮುಂದೆ ಹೋಗು. ಮಕ್ಳು ಎದ್ದು ಬುಟ್ಟಿ ಕಂಡ್ರೆ ಮತ್ತೆ ನನ್ನ ತಲೆ ತಿಂತ್ರು.”

ಕಾಯಿ ಒಡೆಯುತ್ತಿರುವಾಕೆ ಸುಗಂಧಾ ನಾಯ್ಕ. ಊರು ಅಂಕೋಲೆಯ ಭಾವಿಕೇರಿ. ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ ಒಲೆಯ ಕಡೆ ತಿರುಗುತ್ತಾರೆ. ಕಳೆದ ಒಂಬತ್ತು ವರ್ಷಗಳಿಂದ ಈ ಮನೆಯ ಅಡುಗೆ ಇವರದು. ಮನೆ ಎಂದರೆ ಸಾಧಾರಣ ಮನೆಯಲ್ಲ. ಮಿಜೋರಾಂ, ನಾಗಾಲ್ಯಾಂಡ್, ತಿರುನೆಲ್ವೇಲಿ, ಒರಿಸ್ಸಾದ ಗುಡ್ಡಗಾಡು, ಹೀಗೆ ದೇಶದ ಮೂಲೆಮೂಲೆಯಿಂದ ಬಂದ ಯುವಕ ಯುವತಿಯರು ಕ್ರೈಸ್ತ ಮಿಷನರಿಗಳಾಗಲು ಇಲ್ಲಿ ಹತ್ತು ತಿಂಗಳು ತರಬೇತಿ ಪಡೆಯುತ್ತಾರೆ. ಸುತ್ತಲಿನವರು ಇದನ್ನು ‘ಪಾದ್ರಿ ಶಾಲೆ’ ಎನ್ನುತ್ತಾರೆ. ಇಲ್ಲಿ ಪಾದ್ರಿಯೂ ಇಲ್ಲ, ಶಾಲೆಯ ಗಂಟೆಯೂ ಇಲ್ಲ. ಒಂದು ದೊಡ್ಡ ಜಗಲಿ, ಗೋಡೆಗೊಂದು ಭೂಪಟ ಮತ್ತು ಸದಾ ಹಸಿದಿರುವ ಹದಿನಾಲ್ಕು ಹೊಟ್ಟೆಗಳಿವೆ.

ಸುಗಂಧಾ ಸೋಮವಾರ ಮೀನು ಮುಟ್ಟುವುದಿಲ್ಲ. ಮುಟ್ಟದವರು ಬೇಯಿಸುವುದು ಹೇಗೆ? ಹೀಗಾಗಿ ಕ್ರಿಸ್ತನ ಸಂದೇಶವನ್ನು ದೂರದೂರಿಗೆ ಒಯ್ಯಲು ಸಿದ್ಧರಾಗುವವರು ಇಲ್ಲಿದ್ದಷ್ಟು ಕಾಲ ಮಹಾದೇವನ ಸೋಮವಾರವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಯಾರೂ ಅವರಿಗೆ ಕಾರಣ ಹೇಳಿಲ್ಲ. ಅದನ್ನವರು ಕಾರವಾರದ ಹವಾಮಾನದ ಒಂದು ಗುಣವೆಂದು ತಿಳಿದಂತಿದೆ. ಒರಿಸ್ಸಾಕ್ಕೆ ಹೋಗಿ ನೆಲೆಸಿದ ಹುಡುಗನೊಬ್ಬ ಎರಡು ವರ್ಷದ ಮೇಲೆ ಫೋನು ಮಾಡಿ, “ಮಾವಶಿ, ಇಲ್ಲೂ ನಾನು ಸೋಮವಾರ ಮೀನು ತಿನ್ನೂದಿಲ್ಲ” ಎಂದನಂತೆ. ಆ ಮನೆಯಲ್ಲಿ ಎಲ್ಲರೂ ಸುಗಂಧಾರನ್ನು ಕರೆಯುವುದು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ.

“ನಾನೆಂತ ಹೇಳೂದು? ಚಲೋ ಆಯ್ತು ಅಂದೆ,” ಎನ್ನುತ್ತ ಸುಗಂಧಾ ಕಾಯಿ ತುರಿಯತೊಡಗುತ್ತಾರೆ.

ತುರಿದ ಕಾಯಿ ಕಲ್ಲಿಗೆ ಬೀಳುತ್ತದೆ. ಮಿಕ್ಸರ್ ಇದೆ, ಅದರ ಮೇಲೆ ಹೂವಿನ ಚಿತ್ರದ ಬಟ್ಟೆಯನ್ನೂ ಹೊದಿಸಲಾಗಿದೆ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಗುಟ್ಟುತ್ತಿದೆ. ಒಳಗಿನಿಂದ ಪ್ರಾರ್ಥನೆಯ ಹಾಡು ಶುರುವಾಗುತ್ತದೆ. ಕಲ್ಲು ತಿರುಗಿಸುವ ಕೈ ತನಗೆ ತಿಳಿಯದೆಯೇ ಅದರ ತಾಳಕ್ಕೆ ಹೊಂದಿಕೊಳ್ಳುತ್ತದೆ. ಒಬ್ಬ ಹುಡುಗ ಬಾಗಿಲಿಗೆ ಬಂದು ಬಗ್ಗಿ ನೋಡುತ್ತಾನೆ.

“ಮಾವಶಿ, ಇಂದು ಎಂತ?”

“ನಿನ್ನ ತಲೆ. ಮುಖ ತೊಳ್ಕಂಡು ಬಾ.”

ಹುಡುಗ ನಾಗಾಲ್ಯಾಂಡಿನವನು. ಹತ್ತು ತಿಂಗಳ ಹಿಂದೆ ಅವನಿಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಈಗ ಅವನ ‘ಎಂತ’ ಅಪ್ಪಟ ಅಂಕೋಲೆಯದು.

ಹಾಗೆಂದು ಅವನು ಕನ್ನಡ ಕಲಿಯಲು ಬಂದವನಲ್ಲ. ಸಂಗತಿ ವಿಚಿತ್ರವಾಗಿದೆ, ಆದ್ದರಿಂದ ತರಬೇತಿಯ ಮುಖ್ಯಸ್ಥ ಧನರಾಜ್ ಅವರ ಬಾಯಲ್ಲೇ ಕೇಳುವುದು ವಾಸಿ. “ಇವರಲ್ಲಿ ಯಾರೂ ಕರ್ನಾಟಕದಲ್ಲಿ ಕೆಲಸ ಮಾಡುವುದಿಲ್ಲ. ಒಬ್ಬರನ್ನೂ ಅರಿಯದ ಊರಿನಲ್ಲಿ, ಮಾತು ತಿಳಿಯದೆ, ಮಗುವಿನ ಹಾಗೆ ಬದುಕು ಶುರು ಮಾಡುವುದು ಹೇಗೆಂದು ಕಲಿಯಲಿಕ್ಕೆ ಇಲ್ಲಿಗೆ ಬರುತ್ತಾರೆ. ಕಾರವಾರ ಒಳ್ಳೆಯ ಊರು. ಇಲ್ಲಿ ಅವರಿಗೆ ಯಾರೂ ಇಲ್ಲ,” ಎನ್ನುತ್ತಾರೆ ಅವರು, ಹೆಮ್ಮೆಯಿಂದ. ಕಲಿತವರು ಏಪ್ರಿಲಿನಲ್ಲಿ ಎಲ್ಲೆಲ್ಲಿಗೋ ಹೊರಡುತ್ತಾರೆ. ಹೋದ ಜಾಗದಲ್ಲಿ ಬೇರು ಬಿಡಬೇಕಾದ್ದರಿಂದ ಮೊದಲ ಎರಡು ವರ್ಷ ಹಳೆಯ ಜಾಗಗಳಿಗೆ ಬರಬಾರದೆಂಬ ನಿಯಮವಿದೆ. “ಹೋಗುವುದನ್ನು ನಾವು ಕಲಿಸುತ್ತೇವೆ,” ಎನ್ನುತ್ತಾರೆ ಧನರಾಜ್.

ಈ ಮಾತು ಅಡುಗೆಮನೆಗೂ ಕೇಳಿಸಿರಬೇಕು. ಅವರು ಆಚೆ ಹೋದಮೇಲೆ ಸುಗಂಧಾ ಸೌಟಿನಿಂದ ಗಂಜಿ ತಿರುವುತ್ತ ಹೇಳುತ್ತಾರೆ: “ಹೋಗೂದು ಚಲೋ ಕಲಸ್ತ್ರು. ಬರೂದು ಯಾರೂ ಕಲಸ್ಲಿಲ್ಲ.”

ಸುಗಂಧಾ ಇಲ್ಲಿಗೆ ಬಂದದ್ದು ಆಸೆಯಿಂದಲ್ಲ. ಗಂಡ ಬಾಳಾ ನಾಯ್ಕರು ಪರರ ಗದ್ದೆಯಲ್ಲಿ ದುಡಿಯುವವರು. ತೆಂಗಿನಮರದಿಂದ ಬಿದ್ದು ಸೊಂಟ ನೋಯಿಸಿಕೊಂಡ ವರ್ಷ ಹೆಂಡತಿ ಕೆಲಸ ಹುಡುಕಿ ಕಾರವಾರಕ್ಕೆ ಬಂದರು. ವಾರವೆಲ್ಲ ಇಲ್ಲಿಯೇ ವಾಸ. ಶನಿವಾರ ಸಂಜೆ ಭಾವಿಕೇರಿಗೆ, ರವಿವಾರ ರಾತ್ರಿಯ ಹೊತ್ತಿಗೆ ವಾಪಸು. ರವಿವಾರದ ಅಡುಗೆಯನ್ನು ತರಬೇತಿಯವರೇ ಮಾಡಿಕೊಳ್ಳುತ್ತಾರೆ. “ಅವ್ರು ಎಂತ ಮಾಡ್ಕಂಡ್ರು ಅಂದ್ಕಂಡು ನಾನು ಕೇಳೂದಿಲ್ಲ. ತಳ ಹತ್ತಿದ ಪಾತ್ರೆ ಹೇಳ್ತದೆ.”

ಮೊದಮೊದಲು ಭಾವಿಕೇರಿಯಲ್ಲಿ ಚುಚ್ಚುಮಾತುಗಳಿಗೆ ಕೊರತೆಯಿರಲಿಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು, “ನಿನ್ನ ಹೆಸ್ರು ಈಗ ಎಂತದೇ, ಮೇರಿಯೋ?” ಎಂದು ಕೇಳಿದಳಂತೆ. “ಇದ್ದ ಹೆಸ್ರೇ ಅವ್ರ ಬಾಯಲ್ಲಿ ತಿರಗೂದಿಲ್ಲ, ಹೊಸಾದು ಎಲ್ಲಿಂದ ಇಡ್ತ್ರು?” ಎಂದು ಸುಗಂಧಾ ಕೊಡ ಎತ್ತಿದರು. ಒಮ್ಮೆ ಮಾತ್ರ ಹೊಸದಾಗಿ ಬಂದ ಉತ್ಸಾಹಿ ಹುಡುಗನೊಬ್ಬ ಅಡುಗೆಮನೆಗೇ ಬಂದು ಇವರಿಗೆ ದೇವರ ವಿಷಯ ಹೇಳಲು ಶುರು ಮಾಡಿದ. “ಮೊದ್ಲು ಉಂಡ ತಾಟು ತೊಳೆ, ಆಮೇಲೆ ಹೇಳು ಅಂದೆ. ತೊಳ್ದ. ಮತ್ತೆ ಎಲ್ಲರ ತಾಟೂ ತೊಳ್ದ. ಅಷ್ಟ್ರಲ್ಲಿ ಎಂತ ಹೇಳೂಕೆ ಬಂದದ್ದು ಅಂದ್ಕಂಡು ಅವ್ಗೇ ಮರ್ತು ಹೋಯ್ತು. ಪಾಪದ ಹುಡ್ಗ.”

ಬಂದವರೆಲ್ಲರ ಹೆಸರು ಅವರಿಗೆ ನೆನಪಿಲ್ಲ. ಯಾರಿಗೆ ಹುಳಿ ಆಗುತ್ತಿರಲಿಲ್ಲ, ಯಾರು ಬಳಚೆಂಬ ಚಿಪ್ಪುಮೀನನ್ನು ಚಿಪ್ಪಿನ ಸಮೇತ ಕಡಿಯಲು ಹೊರಟಿದ್ದರು, ಯಾರು ಅಳುವಾಗ ಮಾತ್ರ ಅಡುಗೆಮನೆಗೆ ಬರುತ್ತಿದ್ದರು ಎಂಬುದು ನೆನಪಿದೆ. ಆದರೆ ಒಬ್ಬಳ ಹೆಸರನ್ನು ಮಾತ್ರ ಕಲ್ಲು ತಿರುಗಿಸುವುದನ್ನು ನಿಲ್ಲಿಸಿ ಹೇಳುತ್ತಾರೆ. ರುವಾತಿ.

ರುವಾತಿ ಮಿಜೋರಾಮಿನ ಹುಡುಗಿ, 2002ರ ಜೂನಿನಲ್ಲಿ ಬಂದವಳು. ಇಡೀ ಹೆಸರು ಉದ್ದವಿದೆ. ಅಡುಗೆಮನೆಯಲ್ಲಿ ಅದರ ಬಾಲ ಮಾತ್ರ ಉಳಿಯಿತು. ಬಂದ ಹೊಸದರಲ್ಲಿ ಕಾರವಾರದ ಮಳೆಯನ್ನೂ ತೆಂಗಿನಕಾಯಿಯನ್ನೂ ಒಟ್ಟಿಗೆ ಸಹಿಸಲಾರದೆ ಊಟ ಬಿಟ್ಟು ಮಲಗಿದಳು. ಸುಗಂಧಾ ಕಾಯಿ ಹಾಕದೆ ಬರೀ ನೀರಲ್ಲಿ ಬೇಯಿಸಿದ ಸೊಪ್ಪು, ಅನ್ನ ಕೊಟ್ಟರು. ಅವಳ ಊರಿನ ಊಟವೂ ಹೆಚ್ಚುಕಡಿಮೆ ಅದೇ ಎಂದು ಇವರಿಗೆ ಗೊತ್ತಿರಲಿಲ್ಲ. ಹುಡುಗಿ ತಾಟಿನ ಮುಂದೆ ಕೂತು ಅತ್ತಳು, ಆಮೇಲೆ ಮತ್ತೊಮ್ಮೆ ಬಡಿಸಿಕೊಂಡಳು.

ತರಬೇತಿಯ ಭಾಗವಾಗಿ ಪ್ರತಿಯೊಬ್ಬರೂ ಒಂದು ತಿಂಗಳು ಹಳ್ಳಿಯ ಮನೆಯೊಂದರಲ್ಲಿ ಇರಬೇಕು. ರುವಾತಿ ಭಾವಿಕೇರಿಯಲ್ಲಿ ಸುಗಂಧಾರ ಮನೆಯನ್ನೇ ಕೇಳಿದಳು. ಅದು ಹೊಸ್ತಿನ ಕಾಲ. ಗದ್ದೆಯ ಹೊಸ ಅಕ್ಕಿಯನ್ನು ಮನೆಗೆ ತಂದು ಉಣ್ಣುವ ಆ ದಿನಕ್ಕೆ ಈ ಕಡೆ ಒಂದು ಕಟ್ಟುನಿಟ್ಟಿದೆ: ಮನೆಯ ಒಬ್ಬರು ಹೊರಗಿದ್ದರೂ ಉಳಿದವರು ಬಾಯಿಗೆ ತುತ್ತಿಡುವಂತಿಲ್ಲ. ಎಲ್ಲರೂ ಎಲೆಯ ಮುಂದೆ ಕೂತಮೇಲೆ ಕಿರಿಯರು ಹಿರಿಯರಿಗೆ ‘ಹೊಸ್ತು ಉಣ್ತೆ’ ಎಂದು ಹೇಳಿ, ಅವರು ‘ಉಣ್ಣು’ ಎಂದಮೇಲೆಯೇ ಕೈ ಎತ್ತುವುದು. ಅಂದು ರುವಾತಿ ಸಮುದ್ರ ನೋಡಲು ಹೋದವಳು ಹೊತ್ತು ಮರೆತಳು.

“ನಾವೆಲ್ಲ ಎಲೆ ಮುಂದೆ ಕೂತದ್ದು. ಅನ್ನ ತಣ್ಣಗಾಯ್ತು. ಇವ್ರು ನನ್ನ ಮೇಲೆ ಹಾರ್ದ್ರು,” ಎನ್ನುತ್ತಾರೆ ಸುಗಂಧಾ. ‘ಇವ್ರು’ ಎಂದರೆ ಬಾಳಾ ನಾಯ್ಕರು. ಹೊರಗಿನ ಹುಡುಗಿಗೂ ಹೊಸ್ತಿಗೂ ಎಂತ ಸಂಬಂಧ ಎಂಬುದು ಅವರ ವಾದವಾಗಿತ್ತು. ಈ ಸೂರಿನಡಿ ಮಲಗುವವರೆಲ್ಲ ಮನೆಯವರೇ ಎಂಬುದು ಹೆಂಡತಿಯ ವಾದ. ಮರಳು ಮೆತ್ತಿದ ಕಾಲಲ್ಲಿ ಓಡಿ ಬಂದ ರುವಾತಿ ಬಾಗಿಲಲ್ಲೇ ನಿಂತಳು. ಉಣ್ಣದೆ ಕೂತ ಇಡೀ ಮನೆಯನ್ನು ನೋಡಿದಳು. ತನಗಾಗಿ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಆ ಮನೆಯ ಹಿತ್ತಲಲ್ಲಿ ಒಂದು ಇಶಾಡು ಮಾವಿನ ಮರವಿದೆ. ಅಂಕೋಲೆಯ ಕರಿ ಇಶಾಡನ್ನು ತಿಂದವರಿಗೆ ವರ್ಣನೆ ಬೇಡ. ತಿನ್ನದವರಿಗೆ ವರ್ಣಿಸಿ ಉಪಯೋಗವಿಲ್ಲ. ಸಿಪ್ಪೆ ತೀರ ತೆಳು, ಒಳಗೆಲ್ಲ ರಸ, ನಾರು ಹೆಸರಿಗೂ ಇಲ್ಲ. ಹಣ್ಣಾದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಆ ವರ್ಷ ರುವಾತಿ ರಜೆ ಸಿಕ್ಕಾಗಲೆಲ್ಲ ಭಾವಿಕೇರಿಗೆ ಬಂದು ಮರದಡಿ ನಿಂತಳು. ಹೂವು ನೋಡಿದಳು, ಮಿಡಿ ನೋಡಿದಳು. ಮಾರ್ಚಿನಿಂದ “ಆಯ್ತಾ ಮಾವಶಿ?” ಎಂದು ಕೇಳತೊಡಗಿದಳು. ಇಶಾಡು ಹಣ್ಣಾಗುವುದು ಮೇ ತಿಂಗಳಲ್ಲಿ. ತರಬೇತಿ ಮುಗಿಯುವುದು ಏಪ್ರಿಲಿನಲ್ಲಿ. ಕೋಡಿಬಾಗದ ಮನೆಯಲ್ಲಿ ಹತ್ತು ತಿಂಗಳು ಉಂಡವರ ಪೈಕಿ ಒಬ್ಬರೂ ಇಶಾಡು ತಿಂದವರಿಲ್ಲ.

ಹೊರಡುವ ದಿನ ಹುಡುಗಿ ಗೇಟು ಹಿಡಿದು ನಿಂತಾಗ ಸುಗಂಧಾರ ಬಾಯಿಂದ ಒಂದು ಮಾತು ಬಂತು: ನೀನು ಬಂದು ತಿನ್ನದೆ ನಾನು ಇಶಾಡು ಮುಟ್ಟೂದಿಲ್ಲ.

“ಅಳಬೇಡ ಅಂದ್ಕಂಡು ಹೇಳ್ದದ್ದು. ಹೇಳ್ದ ಮೇಲೆ ಆಯ್ತಲ. ಹೊಸ್ತು ಅಂದ್ರೆ ಹೊಸ್ತು. ಒಬ್ರು ಹೊರಗಿದ್ರೆ ಹೆಂಗೆ ತಿನ್ನೂದು?”

ಅಲ್ಲಿಂದೀಚೆಗೆ ಪ್ರತಿ ಮೇ ತಿಂಗಳು ಆ ಮನೆಯಲ್ಲಿ ಗಂಡ ಇಶಾಡು ತಿನ್ನುತ್ತಾರೆ, ಹಿಲ್ಲೂರಿಗೆ ಮದುವೆಯಾಗಿ ಹೋದ ಮಗಳು ಬಂದು ತಿನ್ನುತ್ತಾಳೆ, ಹೆಂಡತಿ ಸಿಪ್ಪೆ ಬಾಚುತ್ತಾರೆ. “ಹಣ್ಣು ಬಾಯಿಗೆ ಹಾಕೂವಾಗ ಇವ್ಳು ಎದ್ರಿಗೆ ಕೂತು ನೋಡ್ತದೆ. ಕೊಂದು ತಿಂದ ಹಂಗೆ ಆಗ್ತದೆ ನಂಗೆ. ಈ ಮನೇಲಿ ನಾನೊಬ್ನೇ ಪಾಪಿ,” ಎನ್ನುತ್ತಾರೆ ಬಾಳಾ ನಾಯ್ಕರು. ಆದರೂ ಬಿಟ್ಟಿಲ್ಲ.

ರುವಾತಿಗೆ ಕೆಲಸ ಸಿಕ್ಕಿದ್ದು ಮಹಾರಾಷ್ಟ್ರದ ಉತ್ತರ ತುದಿಯ ಒಂದು ಗುಡ್ಡದ ಹಳ್ಳಿಯಲ್ಲಿ, ಮಕ್ಕಳ ವಸತಿಗೃಹದಲ್ಲಿ. ಹೋದ ಮರುವರ್ಷ ಸುಗಂಧಾ ತಾಳ್ಮೆಗೆಟ್ಟು ಒಂದು ತಪ್ಪು ಮಾಡಿದರು. ಚೆನ್ನಾಗಿ ಕಳಿತ ಇಶಾಡುಗಳನ್ನು ಹುಲ್ಲಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ತುಂಬಿ, ಪಾರ್ಸೆಲ್ ಮಾಡಿದರು. ಭಾವಿಕೇರಿಯಿಂದ ಅಂಕೋಲೆ ಪೇಟೆಗೆ ಹೋಗುವಷ್ಟರಲ್ಲೇ ಒಂದೆರಡು ಒಡೆಯುವ ಹಣ್ಣದು. ಎರಡು ವಾರದ ಮೇಲೆ ತರಬೇತಿ ಮನೆಗೆ ಫೋನು ಬಂತು.

“ಹುಲ್ಲು ಬಂತು ಮಾವಶಿ, ಅಂತು. ಹಣ್ಣು ಹೆಂಗಿತ್ತೇ ಅಂದೆ. ಹಣ್ಣು ಕಾಣ್ಲಿಲ್ಲ, ಹುಲ್ಲಿಗೆ ವಾಸ್ನೆ ಚಲೋ ಅದೆ, ಮಕ್ಳೆಲ್ಲ ಮೂಸಿ ನೋಡ್ದ್ರು ಅಂತು.”

ಅದರ ಮುಂದಿನ ವರ್ಷ ಜಾಣತನ ಮಾಡಿ, ರಸವನ್ನು ಬಿಸಿಲಿಗೆ ಹಾಳೆಯಾಗಿ ಒಣಗಿಸಿದ ಸಾಟ ಕಳಿಸಿದರು. ಸಾಟ ಏನೆಂದು ಹುಡುಗಿಗೆ ಗೊತ್ತಿಲ್ಲ. ಕಂದು ಬಣ್ಣ, ಹೊಳಪು, ಮಡಚಿದರೆ ಮಡಚುತ್ತದೆ. ಊರಿನ ಯಾವುದೋ ಚರ್ಮದ ಕಲೆಯೆಂದು ತಿಳಿದು ಗೋಡೆಗೆ ತೂಗುಹಾಕಿದಳು. ಅದಕ್ಕೆ ಇರುವೆ ಮುತ್ತುತ್ತಿವೆ, ಏನು ಹಚ್ಚಬೇಕು ಎಂದು ಕೇಳಲು ಫೋನು ಮಾಡಿದಾಗ ನಿಜ ತಿಳಿಯಿತು. ಆಮೇಲೆ ಇರುವೆ ಕೊಡವಿ ತಿಂದಳಂತೆ. ಹಾಗಾದರೆ ವ್ರತ ಮುಗಿಯಿತಲ್ಲ ಎಂದರೆ ಸುಗಂಧಾ ಒಪ್ಪುವುದಿಲ್ಲ. “ಸಾಟ ತಿಂದದ್ದು ಲೆಕ್ಕಕ್ಕಿಲ್ಲ. ಹಣ್ಣೇ ತಿನ್ಬೇಕು. ಇಲ್ಲೇ ತಿನ್ಬೇಕು.”

ಮಗಳು ಬಂದುಹೋಗುತ್ತಿರುತ್ತಾಳಲ್ಲ, ಸಾಲದೆ ಎಂದು ಕೇಳಿದರೆ, “ಅದು ಬತ್ತದೆ, ನನ್ನ ಕೂಡೆ ಜಗಳ ಮಾಡ್ತದೆ, ಹೋಗ್ತದೆ. ಬರೂದು ಅಂದ್ರೆ ಹಂಗೆ ಇರ್ಬೇಕು. ಈ ಮಕ್ಳು ಜಗಳಕ್ಕೂ ಬರೂದಿಲ್ಲ,” ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಒಲೆಯ ಹೊಗೆಯೂ ಇತ್ತು.

ಈ ಸೋಮವಾರ ಕೋಡಿಬಾಗದ ಮನೆಯ ಕೊನೆಯ ಸೋಮವಾರ. ತರಬೇತಿ ಕೇಂದ್ರ ಬೇರೆ ರಾಜ್ಯಕ್ಕೆ ಹೋಗುತ್ತಿದೆ. ಅಲ್ಲಿ ಸಂಸ್ಥೆಯದೇ ಕಟ್ಟಡವಿದೆಯಂತೆ. ಗೋಡೆಯ ಭೂಪಟ ಇಳಿಸಿಯಾಗಿದೆ. ಧನರಾಜ್ ಅವರು ಸುಗಂಧಾರನ್ನೂ ಕರೆದರು. “ನನ್ನ ಮರ ಇಲ್ಲಿ ಅದೆ,” ಎಂದರು ಇವರು. ಗಂಡನ ಹೆಸರನ್ನು ಆಮೇಲೆ ಸೇರಿಸಿದರು. ಹೋದ ಮಕ್ಕಳಿಗೆ ಕಾರವಾರದಲ್ಲಿ ಇದ್ದ ಒಂದೇ ಬಾಗಿಲು ಇದು. ಇನ್ನು ಅವರು ಈ ಕಡೆ ಬರಲು ನೆಪವೂ ಇಲ್ಲ. ರುವಾತಿ ಈ ವರ್ಷ ಬರದಿದ್ದರೆ ಇನ್ನು ಬರುವುದಿಲ್ಲವೆಂದು ಸುಗಂಧಾರಿಗೆ ಖಾತ್ರಿಯಾಗಿದೆ.

ಮೇ ತಿಂಗಳ ನಡುವೆ ಭಾವಿಕೇರಿಗೆ ಹೋದರೆ ಮನೆಯ ಒಳಕೋಣೆ ತುಂಬ ಮಾವಿನ ಪರಿಮಳ. ಬಲಿತ ಕಾಯನ್ನು ಒಣಹುಲ್ಲಿನಲ್ಲಿ ಹೂತು ಹಣ್ಣು ಮಾಡುವುದು ಎಲ್ಲ ಮನೆಗಳ ಪದ್ಧತಿಯೇ. ಉಳಿದವರು ಒಮ್ಮೆಗೇ ಕೊಯ್ದು ಒಮ್ಮೆಗೇ ಹೂಳುತ್ತಾರೆ. ಸುಗಂಧಾ ಇವತ್ತು ನಾಲ್ಕು, ನಾಡಿದ್ದು ನಾಲ್ಕು, ಹೀಗೆ ಕೊಯ್ಯಿಸಿ ಬೇರೆಬೇರೆ ಮೂಲೆಯಲ್ಲಿ ಇಡುತ್ತಾರೆ. ಯಾವ ದಿನ ಯಾರು ಬಂದರೂ ಅಂದಿಗೆ ಸರಿಯಾಗಿ ಕಳಿತ ಒಂದು ಹಣ್ಣು ಸಿಗಬೇಕು. ಮರ ಹತ್ತಿ ಇಳಿಯುವ ಕೆಲಸ ಪಕ್ಕದ ಮನೆಯ ರಿಕ್ಷಾ ಚಾಲಕ ಕಿಶೋರರದು. ಎರಡು ಮಕ್ಕಳ ತಂದೆಯಾದ ಅವರು, “ಸುಗಂಧಕ್ಕಾ, ಒಂದೇ ಸಲ ಇಳಿಸ್ತೆ, ನನ್ನ ಮೊಣಕಾಲು ಹೋಯ್ತು,” ಎನ್ನುತ್ತಲೇ ಪ್ರತಿ ವರ್ಷ ಹತ್ತುತ್ತಾರೆ.

ಕಿಶೋರರ ಮೊಬೈಲಿಗೇ ಆ ಕರೆ ಬಂದದ್ದು. ರುವಾತಿ ಕೇರಳದಲ್ಲಿ ಒಂದು ಸಭೆಗೆ ಬಂದಿದ್ದಾಳೆ. ಕೊಂಕಣ ರೈಲಿನಲ್ಲಿ ವಾಪಸು ಹೋಗುತ್ತಾಳೆ. ಸಂಗಡಿಗರೊಡನೆ ಒಂದೇ ಟಿಕೆಟ್ಟು, ಇಳಿಯುವಂತಿಲ್ಲ. ಆದರೆ ಗಾಡಿ ಬೆಳಿಗ್ಗೆ ಅಂಕೋಲೆಯಲ್ಲಿ ಎರಡು ನಿಮಿಷ ನಿಲ್ಲುತ್ತದೆ.

“ಎರಡು ನಿಮಿಷಕ್ಕೆ ಎಂತ ಆಗ್ತದೆ? ಹಲ್ಲು ತಿಕ್ಕೂಕೂ ಆಗೂದಿಲ್ಲ,” ಎಂದರು ಬಾಳಾ ನಾಯ್ಕರು.

“ಕಚ್ಚೂಕೆ ಆಗ್ತದೆ,” ಎಂದರು ಸುಗಂಧಾ.

ಹಿಂದಿನ ವಾರ ಅಕಾಲ ಮಳೆ ಎರಡು ದಿನ ಹೊಡೆದಿತ್ತು. ಆ ಬೆಳಿಗ್ಗೆ ಆಕಾಶ ತೊಳೆದಂತಿದೆ. ಕಿಶೋರರ ರಿಕ್ಷಾದಲ್ಲಿ ಸುಗಂಧಾ ಎರಡು ಹಣ್ಣನ್ನು ಹುಲ್ಲಿನ ಸಮೇತ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಹೊಂಡ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಾರೆ. “ಸಾವಕಾಶ ಹೊಡಿ ಮಾರಾಯ!” “ಸಾವಕಾಶ ಹೋದ್ರೆ ಗಾಡಿ ಹೋಗ್ತದೆ ಅಕ್ಕಾ!” ಒಂದು ಹಣ್ಣು ಸ್ಟೇಷನ್ನಿನ ತಿರುವಿನಲ್ಲಿ ಒಡೆಯುತ್ತದೆ. ಅದರ ರಸ ಸೀರೆಗೆ ಇಳಿಯುತ್ತದೆ. ಇನ್ನೊಂದು ಉಳಿಯುತ್ತದೆ.

ಗಾಡಿ ಬರುತ್ತದೆ. ಯಾವ ಡಬ್ಬಿಯೆಂದು ಹೇಳಿದ್ದಳೋ ಅದು ಪ್ಲಾಟ್‌ಫಾರ್ಮಿನ ಆ ತುದಿಗೆ ನಿಲ್ಲುತ್ತದೆ. ಸುಗಂಧಾ ಓಡುವುದನ್ನು ಭಾವಿಕೇರಿಯವರು ಯಾರೂ ನೋಡಿದ್ದಿಲ್ಲ. ಹಣ್ಣನ್ನು ದೀಪದ ಹಾಗೆ ಮುಂದೆ ಹಿಡಿದು ಓಡುತ್ತಾರೆ. ಬಾಗಿಲಲ್ಲಿ ಕನ್ನಡಕ ಹಾಕಿದ, ಸ್ವಲ್ಪ ದಪ್ಪಗಾದ ಒಬ್ಬ ಹೆಂಗಸು ಕೈ ಬೀಸುತ್ತಿದ್ದಾಳೆ. ಐದು ವರ್ಷದ ಹಿಂದಿನ ಹುಡುಗಿಯನ್ನು ಹುಡುಕುತ್ತಿರುವ ಸುಗಂಧಾ ಅವಳನ್ನು ದಾಟಿಯೇ ಹೋಗುತ್ತಿದ್ದರು.

“ಮಾವಶಿ!”

ಹಣ್ಣು ಕೈ ಬದಲಾಗುತ್ತದೆ. ಸೀಟಿ ಕೇಳುತ್ತದೆ. ಗಾಡಿ ಒಮ್ಮೆ ಜಗ್ಗುತ್ತದೆ. ಹುಡುಗಿ ಹಣ್ಣು ಹಿಡಿದು ಸುಮ್ಮನೆ ನಿಂತಿದ್ದಾಳೆ, ಕಚ್ಚುವುದಿಲ್ಲ. ಸುಗಂಧಾ ಗಾಡಿಯ ಜೊತೆ ಹೆಜ್ಜೆ ಹಾಕುತ್ತ ಕೈಯಿಂದ ಬಾಯಿ ತೋರಿಸುತ್ತಾರೆ. ಆಗ ಅವಳು ಬಾಗಿಲಿನಿಂದ ಬಗ್ಗಿ, ಎಲ್ಲರಿಗೂ ಕೇಳುವಂತೆ ಕೂಗುತ್ತಾಳೆ:

“ಹೊಸ್ತು ತಿಂತೆ, ಮಾವಶಿ!”

“ತಿನ್ನೇ ಮಾರಾಯ್ತಿ, ತಿನ್ನು! ಗಾಡಿ ಹೊರಡ್ತಲ!”

ಅವಳು ಕಚ್ಚುತ್ತಾಳೆ. ರಸ ಮೊಣಕೈಯವರೆಗೆ ಇಳಿಯುತ್ತದೆ. ತುಂಬಿದ ಬಾಯಲ್ಲಿ ಏನೋ ಹೇಳುತ್ತಾಳೆ, ಅದು ಚಕ್ರದ ಸದ್ದಿಗೆ ಸಿಕ್ಕಿ ಯಾರಿಗೂ ಕೇಳುವುದಿಲ್ಲ. ಗಾಡಿ ತಿರುವು ದಾಟಿದ ಮೇಲೂ ಸುಗಂಧಾ ಅಲ್ಲೇ ನಿಂತಿರುತ್ತಾರೆ.

“ಎಂತ ಹೇಳ್ತು ಅದು?” ಎಂದು ಕಿಶೋರರನ್ನು ಕೇಳುತ್ತಾರೆ. ರಿಕ್ಷಾದಲ್ಲಿ ಮತ್ತೊಮ್ಮೆ ಕೇಳುತ್ತಾರೆ.

ಮನೆಗೆ ಬಂದವರೇ ಕೈಕಾಲು ತೊಳೆದು, ಒಳಕೋಣೆಯ ಹುಲ್ಲಿನಿಂದ ಒಂದು ಇಶಾಡು ಆರಿಸಿ ತಂದು ಜಗಲಿಯಲ್ಲಿ ಕೂರುತ್ತಾರೆ. ಗಂಡನ ಕಡೆ ನೋಡಿ, ಅರ್ಧ ನಾಚಿಕೊಂಡು, “ಹೊಸ್ತು ತಿಂತೆ,” ಎನ್ನುತ್ತಾರೆ.

“ತಿನ್ನು. ನಾನು ಇಷ್ಟು ದಿನ ಯಾರ ಕೇಳಿ ತಿಂದದ್ದು?” ಎಂದು ಬಾಳಾ ನಾಯ್ಕರು ಮುಖ ಆಚೆ ತಿರುಗಿಸುತ್ತಾರೆ.

ಸುಗಂಧಾ ನಿಧಾನಕ್ಕೆ ತಿನ್ನುತ್ತಾರೆ. ಗೊರಟು ಬೆಳ್ಳಗಾಗುವವರೆಗೆ ಚೀಪುತ್ತಾರೆ, ಸಿಪ್ಪೆಯ ಒಳಮೈಯನ್ನೂ ಬಿಡುವುದಿಲ್ಲ. ಹೇಗಿದೆ ಎಂದು ಕಿಶೋರರು ಕೇಳುತ್ತಾರೆ.

“ಸಪ್ಪೆ,” ಎನ್ನುತ್ತಾರೆ. “ಮಳೆ ನೀರು ಹೊಕ್ಕದೆ. ಪಾಪ, ಅದ್ಕೂ ಇದೇ ಸಿಕ್ತಲ.”

ಬೆರಳು ನೆಕ್ಕಿ, ಎದ್ದು ಒಳಗೆ ಹೋಗಿ, ಉಳಿದ ಕಾಯಿಗಳ ಮೇಲೆ ಹುಲ್ಲು ಸರಿಪಡಿಸುತ್ತಾರೆ. ಅಲ್ಲಿಂದಲೇ ದನಿ ಕೇಳಿಸುತ್ತದೆ.

“ಕಿಶೋರಾ, ಫೋನು ಹಚ್ಚು. ಇದು ಲೆಕ್ಕಕ್ಕಿಲ್ಲ ಅಂದ್ಕಂಡು ಹೇಳು ಅದ್ಕೆ. ಬರೂ ವರ್ಷ ಚಲೋದು ಇಡ್ತೆ. ಅಲ್ಲೀವರೆಗೆ ನಾನು ಮತ್ತೆ ಮುಟ್ಟೂದಿಲ್ಲ.”